ಪಾತ್ರವರಿತು ಕೊಡುವುದು

ಉಡುಗೊರೆಗಳಲ್ಲಿ ಎರಡು ಬಗೆ. ಕೊಟ್ಟ ಕೂಡಲೇ ಮುಗಿದುಹೋಗುವವು ಒಂದು ಬಗೆಯವು. ವಾಚು, ಶರ್ಟು, ಡ್ರೈಫ್ರೂಟ್ಸ್ ಡಬ್ಬ. ತೆಗೆದುಕೊಂಡವರಿಗೆ ಖುಷಿ, ಕೊಟ್ಟವರಿಗೆ ನಿರಾಳ, ಅಲ್ಲಿಗೆ ಲೆಕ್ಕ ಚುಕ್ತಾ. ಇನ್ನೊಂದು ಬಗೆಯವು ಕೊಟ್ಟ ಮೇಲೆ ಶುರುವಾಗುತ್ತವೆ. ನಾಯಿಮರಿ ಕೊಟ್ಟರೆ ಅದಕ್ಕೆ ದಿನವೂ ಊಟ ಹಾಕುವವರು ಬೇಕು, ಹೊರಗೆ ಕರೆದೊಯ್ಯುವವರು ಬೇಕು. ಪಿಟೀಲು ಕೊಟ್ಟರೆ ಮೇಷ್ಟ್ರು ಬೇಕು, ಮೊದಲ ಎರಡು ವರ್ಷದ ಕರ್ಕಶವನ್ನು ಸಹಿಸಿಕೊಳ್ಳುವ ನೆರೆಹೊರೆಯೂ ಬೇಕು. ಇಂಥದ್ದನ್ನು ಮಗುವಿನ ಕೈಗಿಡುವಾಗ ನಾವು ಆ ಮಗುವಿಗೂ ಅದರ ಮನೆಯವರಿಗೂ ಒಂದಷ್ಟು ಕೆಲಸವನ್ನೂ ಕೊಟ್ಟಿರುತ್ತೇವೆ. ಹಾಗೆ ಕೊಡುವ ಹಕ್ಕು ನಮಗೆ ಎಲ್ಲಿಂದ ಬಂತು? ಕೊಟ್ಟ ಮೇಲೆ ಆ ಕೆಲಸದಲ್ಲಿ ನಮ್ಮ ಪಾಲೆಷ್ಟು?

ಈ ಪ್ರಶ್ನೆಯನ್ನು ಒಂದು ಆಟದ ಡಬ್ಬಿಯ ನೆಪದಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಪುಣೆಯ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಶನಿವಾರ ಸಂಜೆ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ನಾನು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸುತ್ತೇನೆ. ಅದು ಆಫೀಸಿನಲ್ಲಿ ಗೊತ್ತಿರುವುದರಿಂದ, ವರ್ಷಕ್ಕೆ ಎರಡು ಮೂರು ಸಲವಾದರೂ ಪ್ಯಾಂಟ್ರಿಯಲ್ಲಿ ಯಾರಾದರೂ ಕಾಫಿ ಕಪ್ ಹಿಡಿದುಕೊಂಡು ಬಂದು ಕೇಳುತ್ತಾರೆ: “ನನ್ನ ಮಗಳಿಗೆ ಹನ್ನೊಂದು ತುಂಬುತ್ತೆ. ‘ಸ್ಟ್ರೇಂಜರ್ ಥಿಂಗ್ಸ್’ ಬಗ್ಗೆ ಸ್ಕೂಲಿನಲ್ಲಿ ಕೇಳಿಕೊಂಡು ಬಂದು ಆ ಆಟ ಬೇಕು ಅಂತಿದ್ದಾಳೆ. ಯಾವುದು ತಗೊಳ್ಳಲಿ?” ಲಿಂಕ್ ಕಳಿಸಿದರೆ ಮುಗಿಯಿತು ಎಂದು ಅವರ ಎಣಿಕೆ. ನಾನು ಲಿಂಕ್ ಕಳಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಗಳು ಯಾಕೆ ಎಂಬುದೇ ಈ ಬರಹ.

*

ಆಟ ಗೊತ್ತಿಲ್ಲದವರಿಗಾಗಿ ಮೊದಲು ಒಂದಿಷ್ಟು ವಿವರ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಅವರಿಬ್ಬರೂ ಆಡುತ್ತಿದ್ದದ್ದು ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟುಕೊಂಡು ಆಡುವ ಯುದ್ಧದಾಟ. ಅಲ್ಲಿ ಒಬ್ಬೊಬ್ಬ ಆಟಗಾರನೂ ಒಂದೊಂದು ಸೈನ್ಯದ ಒಡೆಯ. ಇವರು ಮಾಡಿದ ಬದಲಾವಣೆ ಕೇಳಲು ಸಣ್ಣದು: ಸೈನ್ಯದ ಬದಲು ಒಬ್ಬೊಬ್ಬರಿಗೂ ಒಂದೊಂದೇ ವ್ಯಕ್ತಿ. ಆದರೆ ಅಷ್ಟರಿಂದ ಆಟದ ನೀತಿಯೇ ಬದಲಾಯಿತು. ಸೈನ್ಯದಲ್ಲಿ ಇಪ್ಪತ್ತು ಮಂದಿ ಸತ್ತರೆ ಅದು ಲೆಕ್ಕ. ನೀವೇ ಹೆಸರಿಟ್ಟ ಒಬ್ಬಳು ಸತ್ತರೆ ಅದು ಸಾವು.

ಇದಕ್ಕೆ ಚೌಕಾಬಾರದ ಹಾಗೆ ಮನೆಗಳಿಲ್ಲ, ಹಣ್ಣಾಗುವ ಕಾಯಿಗಳಿಲ್ಲ, ಕೊನೆಯಲ್ಲಿ ಗೆದ್ದವರೂ ಇಲ್ಲ. ಒಬ್ಬರು ಕಥೆ ನಡೆಸುತ್ತಾರೆ. ಅವರನ್ನು ‘ಡಂಜನ್ ಮಾಸ್ಟರ್’ ಅನ್ನುತ್ತಾರೆ. “ಕತ್ತಲಾಗಿದೆ, ಸೇತುವೆಯ ಆಚೆ ಯಾರೋ ನಿಂತಿದ್ದಾರೆ” ಎಂದು ಅವರು ಸನ್ನಿವೇಶ ಹೇಳುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಮಾಡಿದ್ದು ಫಲಿಸುತ್ತದೋ ಇಲ್ಲವೋ ಎಂಬ ಅನುಮಾನ ಇದ್ದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಆಟ ಅಂದರೆ ಇಷ್ಟೇ.

ಕರಾವಳಿ, ಮಲೆನಾಡಿನ ಕಡೆಯವರಿಗೆ ಇದು ತೀರಾ ಅಪರಿಚಿತವಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಉಟ್ಟುಕೊಂಡು ಸುಮ್ಮನೆ ಕೂತು, ಭಾಗವತರು ಪದ ಹೇಳಿ ನಿಲ್ಲಿಸಿದಲ್ಲಿಂದ ತಮ್ಮ ಪಾತ್ರದ ಮಾತನ್ನು ಅಲ್ಲೇ ಕಟ್ಟುತ್ತಾ ಹೋಗುತ್ತಾರೆ. ಯಾರೂ ಬರೆದುಕೊಟ್ಟ ಮಾತಲ್ಲ ಅದು. ವ್ಯತ್ಯಾಸ ಒಂದಿದೆ. ಪ್ರಸಂಗದ ಕೊನೆ ಮೊದಲೇ ಗೊತ್ತು, ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಬದುಕುವುದಿಲ್ಲ. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ.

*

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಒಳ್ಳೆಯ ದಾನಕ್ಕೆ ಹೇಳಿರುವ ಲಕ್ಷಣ ನಮಗೆಲ್ಲ ಗೊತ್ತಿರುವಂಥದ್ದೇ. ತಿರುಗಿ ಬಯಸದೆ, ದೇಶ ನೋಡಿ, ಕಾಲ ನೋಡಿ, ಪಾತ್ರ ನೋಡಿ ಕೊಡಬೇಕು. ಪಾತ್ರ ಅಂದರೆ ಇಲ್ಲಿ ಯೋಗ್ಯ ವ್ಯಕ್ತಿ. ಅದೇ ಪದ ಕನ್ನಡದಲ್ಲಿ ನಾಟಕದ ಪಾತ್ರವೂ ಹೌದು, ನದಿಯನ್ನು ಹಿಡಿದಿಡುವ ಪಾತ್ರವೂ ಹೌದು. ಪಾತ್ರಗಳ ಆಟವನ್ನು ಪಾತ್ರವರಿತು ಕೊಡುವುದು ಅಂದಾಗ ಈ ಮೂರೂ ಅರ್ಥ ನನಗೆ ಬೇಕು.

ನನ್ನ ಮೊದಲ ಪ್ರಶ್ನೆ: ಈ ಉಡುಗೊರೆ ಯಾರ ಆಸೆ? ಮಗು ಕೇಳಿದ್ದಾಳೆ ಸರಿ. ಆದರೆ ಕೊಡುವವರು ಆರಿಸುವಾಗ ತಮ್ಮ ಕಣ್ಣಿಗೆ ಚಂದ ಕಂಡದ್ದನ್ನೇ ಆರಿಸುತ್ತಾರೆ. ಈ ಆಟಕ್ಕೆ ಮೂರು ಮುಖ್ಯ ಪುಸ್ತಕಗಳಿವೆ. ದಪ್ಪ ರಟ್ಟು, ಬಣ್ಣದ ಚಿತ್ರ, ಒಂದೊಂದೂ ಮುನ್ನೂರು ಪುಟಕ್ಕೆ ಮೇಲೆ. ಶೆಲ್ಫಿನಲ್ಲಿಟ್ಟರೆ ಭರ್ಜರಿಯಾಗಿ ಕಾಣುತ್ತದೆ. ಸಂಬಳ ಬಂದ ವಾರ ಅದನ್ನೇ ಕೊಡೋಣ ಅನ್ನಿಸುವುದು ಸಹಜ. ಹನ್ನೊಂದರ ಹುಡುಗಿಗೆ ಅದು ಸಮಾಜ ವಿಜ್ಞಾನದ ಪಠ್ಯಪುಸ್ತಕದ ಅಕ್ಕನ ಹಾಗೆ ಕಾಣುತ್ತದೆ.

ಹೊಸಬರಿಗಾಗಿಯೇ ಮಾಡಿದ ಸಣ್ಣ ಡಬ್ಬಿಗಳಿವೆ. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಇದ್ದದ್ದು 32 ಪುಟದ ನಿಯಮ ಪುಸ್ತಕ, 64 ಪುಟದ ಒಂದು ಕಥೆ, ಸಿದ್ಧಪಡಿಸಿದ ಐದು ಪಾತ್ರಗಳು, ಆರು ದಾಳಗಳು. 2019ರಲ್ಲಿ ಬಂದ ‘ಎಸೆನ್ಷಿಯಲ್ಸ್ ಕಿಟ್’ನಲ್ಲಿ ಪಾತ್ರವನ್ನು ನಾವೇ ಕಟ್ಟಿಕೊಳ್ಳಬಹುದು. ಆಡಿಸುವವರು ಒಬ್ಬರು, ಆಡುವ ಮಗು ಒಂದೇ ಇದ್ದರೂ ನಡೆಯುವಂತೆ, ಮಗುವಿನ ಪಾತ್ರಕ್ಕೆ ಒಬ್ಬ ಜೊತೆಗಾರನನ್ನು ಕೊಡುವ ಏರ್ಪಾಡೂ ಅದರಲ್ಲಿದೆ. ಒಂದೇ ಮಗುವಿರುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಇನ್ನೂ ಚಿಕ್ಕವರಿಗೆ, ನಾಲ್ಕರಿಂದ ಹತ್ತರವರೆಗಿನ ಮಕ್ಕಳಿಗೆ, ಜಸ್ಟಿನ್ ಹ್ಯಾಲಿಡೇ ಮಾಡಿದ ‘ಹೀರೋ ಕಿಡ್ಸ್’ ಇದೆ. ಅದಕ್ಕೆ ಲೂಡೋ ಡಬ್ಬಿಯ ಆರು ಮುಖದ ದಾಳಗಳೇ ಸಾಕು. ಏನೂ ಖರ್ಚು ಮಾಡದೆಯೂ ಆಡಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಉಚಿತ.

ಸಿದ್ಧ ಪಾತ್ರಗಳನ್ನು ಕೊಟ್ಟರೆ ಮಗುವಿನ ಕಲ್ಪನೆಗೆ ಬೇಲಿ ಹಾಕಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ನನ್ನ ಅನುಭವ ಬೇರೆ. “ನಿನಗೆ ಏನು ಬೇಕೋ ಅದಾಗು” ಅಂದರೆ ಮಗು ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ಖಾಲಿ ಡಾಕ್ಯುಮೆಂಟ್ ತೆರೆದುಕೊಂಡು ಕೂತ ಹೊಸ ಎಂಜಿನಿಯರನ ಮುಖ ನೋಡಿದವರಿಗೆ ಇದು ಗೊತ್ತು. ಐದು ಹಾಳೆ ಮುಂದಿಟ್ಟು “ಇದರಲ್ಲಿ ಒಂದು ಆರಿಸು” ಅಂದರೆ ಎರಡು ನಿಮಿಷದಲ್ಲಿ ಆರಿಸುತ್ತದೆ. ಮೂರನೆಯ ನಿಮಿಷದಲ್ಲಿ ಆ ಪಾತ್ರದ ಹೆಸರು ಬದಲಿಸುತ್ತದೆ. ನಾಲ್ಕನೆಯ ನಿಮಿಷದಲ್ಲಿ ಆ ಪಾತ್ರಕ್ಕೊಬ್ಬ ತಮ್ಮ ಹುಟ್ಟಿರುತ್ತಾನೆ. ನದಿಗೆ ಪಾತ್ರ ಇದ್ದ ಹಾಗೆ ಸ್ವಾತಂತ್ರ್ಯಕ್ಕೂ ಎರಡು ದಡ ಬೇಕಾಗುತ್ತದೆ. ಎಷ್ಟು ಅಗಲದ ಪಾತ್ರ ಎಂಬುದನ್ನು ಮಗುವಿನ ವಯಸ್ಸು ಹೇಳುತ್ತದೆ. ಆಟಕ್ಕೆ ಹೊಸತಾದ ಮಗುವಿಗೆ ಚಿಕ್ಕ ಡಬ್ಬಿ ಕೊಡಬೇಕು ಅನ್ನುವುದು ಈ ಕಾರಣಕ್ಕೆ. ದುಡ್ಡು ಉಳಿಸುವುದಕ್ಕಲ್ಲ.

*

ಎರಡನೆಯ ಪ್ರಶ್ನೆ: ಆಡುವವರು ಯಾರು?

ಇದನ್ನು ಕೇಳಿದರೆ ಹೆಚ್ಚಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಪುಸ್ತಕ ಕೊಟ್ಟರೆ ಮಗು ಒಂದೇ ಓದಿಕೊಳ್ಳುತ್ತದೆ. ಈ ಡಬ್ಬಿಗೆ ಮೇಜು ಬೇಕು, ಕೂರಲು ಜನ ಬೇಕು, ಕಥೆ ನಡೆಸಲು ಒಬ್ಬರು ಬೇಕು. ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ವಿದ್ವಾಂಸ 1925ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಉಡುಗೊರೆ ಎಂಬುದು ಎಲ್ಲೂ ಬಿಟ್ಟಿ ಅಲ್ಲ ಎಂದು ತೋರಿಸಿದ. ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡ ಋಣಗಳು, ಕೊಟ್ಟ ವಸ್ತುವಿನ ಜೊತೆ ಕೊಟ್ಟವನ ಒಂದು ತುಣುಕೂ ಹೋಗಿರುತ್ತದೆ ಎಂಬುದು ಅವನ ವಾದದ ತಿರುಳು.

ಊರು ಬಿಟ್ಟು ಬಂದ ನಮ್ಮಂಥವರ ಉಡುಗೊರೆಗಳಲ್ಲಿ ಆ ತುಣುಕು ಎಷ್ಟಿರುತ್ತದೆ? ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಪುಣೆಯಿಂದ ಆರ್ಡರ್ ಮಾಡುತ್ತೇವೆ. ಬೆಂಗಳೂರಿನ ಯಾವುದೋ ವೇರ್‌ಹೌಸಿನಿಂದ ಅದು ಶಿವಮೊಗ್ಗಕ್ಕೆ ಹೋಗುತ್ತದೆ. ನಮ್ಮ ಕೈ ಅದನ್ನು ಮುಟ್ಟಿರುವುದಿಲ್ಲ. ‘ಹ್ಯಾಪಿ ಬರ್ತ್‌ಡೇ, ಮಾಮ’ ಎಂದು ಪ್ರಿಂಟರ್ ಬರೆದ ಚೀಟಿ ಅಂಟಿರುತ್ತದೆ. ಹೋಗಲಾಗದ ಗೃಹಪ್ರವೇಶ, ತಪ್ಪಿದ ಮುಂಜಿ, ಈ ವರ್ಷವೂ ಆಗದ ದೀಪಾವಳಿ, ಎಲ್ಲಕ್ಕೂ ನಾವು ವಸ್ತುಗಳನ್ನು ಕಳಿಸಿ ಸರಿದೂಗಿಸುತ್ತೇವೆ. ಅದರಲ್ಲಿ ಅವಮಾನಪಡುವಂಥದ್ದೇನಿಲ್ಲ. ದೂರದಲ್ಲಿರುವವರ ಪ್ರೀತಿಗೆ ಕೊರಿಯರ್ ಬಿಟ್ಟರೆ ಬೇರೆ ಗಾಡಿಯಿಲ್ಲ. ಆದರೆ ಈ ಆಟದ ವಿಷಯದಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ.

ಯಾಕೆಂದರೆ ಒಂಟಿ ಮಗು ಡಬ್ಬಿ ಬಿಚ್ಚಿ ಓದುತ್ತದೆ, ದಾಳಗಳನ್ನು ಕೈಯಲ್ಲಿ ಆಡಿಸುತ್ತದೆ, ಆಮೇಲೆ ಸುತ್ತ ನೋಡುತ್ತದೆ. ಅಪ್ಪ ಲ್ಯಾಪ್‌ಟಾಪಿನಲ್ಲಿ, ಅಮ್ಮ ಕಾಲ್‌ನಲ್ಲಿ, ಗೆಳೆಯರು ಟ್ಯೂಷನ್ನಿನಲ್ಲಿ. ಆ ಹೊತ್ತಿಗೆ ನಮ್ಮ ಉಡುಗೊರೆ ಅದಕ್ಕೆ ಹೇಳುವುದು ಏನು? “ನಿನ್ನ ಜೊತೆ ಆಡುವವರನ್ನು ನೀನೇ ಹುಡುಕಿಕೋ.” ದೊಡ್ಡವರಾದ ನಾವು ಕೊಡಲಾಗದ ಸಮಯವನ್ನು ಬೇರೆಯವರಿಂದ ಬೇಡಿ ತರುವ ಕೆಲಸವನ್ನು ಹನ್ನೊಂದರ ಮಗುವಿಗೆ ವಹಿಸಿದ ಹಾಗಾಯಿತು. ಕೆಲವು ಮಕ್ಕಳು ಅದನ್ನು ಲೀಲಾಜಾಲವಾಗಿ ಮಾಡಿಬಿಡುತ್ತಾರೆ ನಿಜ. ಎರಡೇ ದಿನದಲ್ಲಿ ಬಸ್ಸಿನಲ್ಲಿ ನಾಲ್ಕು ಜನರನ್ನು ಸೇರಿಸಿಬಿಡುತ್ತಾರೆ. ಸಂಕೋಚದ ಮಗುವಿಗೆ ಮಾತ್ರ ಆ ಡಬ್ಬಿ ತನಗೆ ಜೊತೆಯಿಲ್ಲ ಎಂಬುದನ್ನು ದಿನವೂ ನೆನಪಿಸುವ ವಸ್ತುವಾಗುತ್ತದೆ.

ಹಾಗಾಗಿ ನನ್ನ ನಿಲುವು ಇದು. ಈ ಡಬ್ಬಿಯ ಜೊತೆ ಸಮಯವೂ ಸೇರಿಯೇ ಹೋಗಬೇಕು. ಅಪ್ಪ ಅಮ್ಮ ಕೊಡುವುದಾದರೆ ತಾವೇ ಆಡಿಸಲು ಸಿದ್ಧರಾಗಿರಬೇಕು. ದೂರದ ಮಾಮನೋ ಚಿಕ್ಕಮ್ಮನೋ ಕೊಡುವುದಾದರೆ ವೀಡಿಯೊ ಕಾಲ್ ಇದೆ. ಅಕ್ಕನ ಮಗನಿಗೆ ಹನ್ನೆರಡು ತುಂಬಿದಾಗ ಎಸೆನ್ಷಿಯಲ್ಸ್ ಕಿಟ್ ಕೊಟ್ಟೆ. ಚೀಟಿಯಲ್ಲಿ ಬರೆಸಿದ್ದು “ಭಾನುವಾರ ಸಂಜೆ ಐದಕ್ಕೆ” ಎಂದಷ್ಟೇ. ಅವನ ದಾಳ ಅವನೇ ಉರುಳಿಸಿ ಕ್ಯಾಮೆರಾಕ್ಕೆ ತೋರಿಸುತ್ತಾನೆ. ನೆಟ್‌ವರ್ಕ್ ಕೈಕೊಟ್ಟ ದಿನ ಫೋನಿನಲ್ಲೇ ನಡೆಯುತ್ತದೆ, ಮಾತಿನ ಆಟ ತಾನೆ. ಅಷ್ಟು ಸಮಯ ನಮ್ಮಲ್ಲಿ ಇಲ್ಲವೆಂದರೆ ಒಳ್ಳೆಯ ಕಥೆ ಪುಸ್ತಕ ಕೊಡುವುದು ಹೆಚ್ಚು ಪ್ರಾಮಾಣಿಕ.

ಇದರ ಜೊತೆಗೇ ಇನ್ನೊಂದು ಮಾತು. ನಾವು ಸಮಯ ಕೊಟ್ಟೆವು ಎಂಬ ಕಾರಣಕ್ಕೆ ಮಗು ಆಡಲೇಬೇಕು ಅನ್ನುವಂತಿಲ್ಲ. ಮೂರು ವಾರ ಆಡಿ ನಾಲ್ಕನೆಯ ವಾರ ಕ್ರಿಕೆಟ್ಟಿಗೆ ಹೋಗುತ್ತೇನೆ ಅಂದರೆ ಹೋಗಲಿ. “ಅಷ್ಟು ದುಡ್ಡು ಕೊಟ್ಟು ತಂದೆ, ಮುಟ್ಟಿಯೂ ನೋಡಲ್ಲ” ಎಂಬ ಮಾತು ನಮ್ಮ ಬಾಯಿಂದ ಬಂದ ದಿನ ಉಡುಗೊರೆ ಸಾಲವಾಗುತ್ತದೆ. ತಿರುಗಿ ಬಯಸದೆ ಕೊಡು ಅಂದದ್ದರಲ್ಲಿ ಕೃತಜ್ಞತೆಯನ್ನೂ ಉಪಯೋಗವನ್ನೂ ಬಯಸಬೇಡ ಎಂಬುದು ಸೇರಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ನಮ್ಮ ವರ್ಗದವರಿಗೆ ಇದು ಕಷ್ಟ. ಅಬ್ಯಾಕಸ್, ಕೋಡಿಂಗ್, ಪಬ್ಲಿಕ್ ಸ್ಪೀಕಿಂಗ್ ಎಂದು ಮಗುವಿನ ಪ್ರತಿ ಗಂಟೆಗೂ ಒಂದು ಔಟ್‌ಕಮ್ ಬರೆದಿಟ್ಟಿರುವವರು ನಾವು. “ಇದರಿಂದ ಮ್ಯಾಥ್ಸ್ ಸುಧಾರಿಸುತ್ತಾ?” ಎಂದು ನನ್ನನ್ನು ಕೇಳಿದವರಿದ್ದಾರೆ. ಕೂಡುವುದು ಕಳೆಯುವುದು ಸುಧಾರಿಸಬಹುದು. ಆದರೆ ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕ 1978ರ ತನ್ನ ಪುಸ್ತಕದಲ್ಲಿ ಆಟವನ್ನು ವಿವರಿಸಿದ ರೀತಿ ನೋಡಿ: ಬೇಕಿಲ್ಲದ ಅಡ್ಡಿಗಳನ್ನು ಆಟ ಸಾಧ್ಯವಾಗಲಿ ಎಂಬ ಒಂದೇ ಕಾರಣಕ್ಕೆ ಇಷ್ಟಪಟ್ಟು ಮೈಮೇಲೆ ಹಾಕಿಕೊಳ್ಳುವುದು ಆಟ. ಇಷ್ಟಪಡುವುದು ತಪ್ಪಿಹೋದರೆ ಉಳಿಯುವುದು ಅಡ್ಡಿಗಳು ಮಾತ್ರ.

*

ಮೂರನೆಯದು ಪೋಷಕರು ನನ್ನನ್ನೇ ಕೇಳುವ ಪ್ರಶ್ನೆ. “ಇದರಲ್ಲಿ ಹೊಡಿ ಬಡಿ ಇರುತ್ತಲ್ಲ? ನನ್ನ ಮಗ ಕಳ್ಳನ ಪಾತ್ರ ಆರಿಸಿಕೊಂಡಿದ್ದಾನೆ, ಪರವಾಗಿಲ್ವಾ?”

ಈ ಭಯಕ್ಕೆ ಇತಿಹಾಸವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳ ತಲೆ ಕೆಡಿಸುತ್ತದೆ, ಮಾಟ ಮಂತ್ರ ಕಲಿಸುತ್ತದೆ ಎಂದು ದೊಡ್ಡ ಗಲಾಟೆಯೇ ಆಗಿತ್ತು. ಆಟದ ಲೋಕ ಯಾವುದು, ನಿಜ ಯಾವುದು ಎಂದು ತಿಳಿಯದೆ ಹೋಗುವ ಹುಡುಗನ ಕಥೆಯ ಟಿವಿ ಸಿನಿಮಾ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ 1982ರಲ್ಲಿ ಬಂತು. ಆ ಹುಡುಗನ ಪಾತ್ರ ಮಾಡಿದವನು ಆಗಿನ್ನೂ ಹೆಸರಾಗದಿದ್ದ ಟಾಮ್ ಹ್ಯಾಂಕ್ಸ್. ಗಲಾಟೆ ತಣ್ಣಗಾಯಿತು, ಆಟ ಉಳಿಯಿತು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಭಯ ಅಷ್ಟಾಗಿ ತಟ್ಟುವುದಿಲ್ಲ. ರಾತ್ರಿಯಿಡೀ ಕೌರವನಾಗಿ ಕೃಷ್ಣನನ್ನು ಜರೆದವರು ಬೆಳಗ್ಗೆ ಅದೇ ಕೃಷ್ಣನ ಜೊತೆ ಚಾ ಕುಡಿಯುತ್ತಾರೆ. ‘ವಾಲಿಮೋಕ್ಷ’ದಲ್ಲಿ ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಇಂಥ ಪ್ರತಿಪಾತ್ರಗಳಿಗೆ ತಮ್ಮ ಪಾಂಡಿತ್ಯವನ್ನೆಲ್ಲ ಧಾರೆಯೆರೆದರು. ಅದನ್ನು ಕೇಳಿದ ಭಕ್ತರು ಯಾರೂ ರಾಮನನ್ನು ಬಿಡಲಿಲ್ಲ. ಎದುರಾಳಿಗೂ ಒಂದು ಮಾತಿದೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಕಲಿತರು.

ನಮ್ಮ ಕ್ಲಬ್‌ಹೌಸಿನಲ್ಲಿ ಒಂದು ಸಂಜೆ ಹೀಗಾಯಿತು. ಮಕ್ಕಳ ಪಾತ್ರಗಳು ಒಬ್ಬ ಗಾಬ್ಲಿನ್‌ನನ್ನು ಹಿಡಿದರು. ಗಾಬ್ಲಿನ್ ಅಂದರೆ ನಮ್ಮ ಕಥೆಗಳ ಕುಳ್ಳ ರಾಕ್ಷಸರಂಥವನು. ಗುಹೆಯ ದಾರಿ ಹೇಳಿದರೆ ಬಿಟ್ಟುಬಿಡುತ್ತೇವೆ ಎಂದು ಮಾತು ಕೊಟ್ಟರು. ಅವನು ಹೇಳಿದ. ಈಗ ಬಿಟ್ಟರೆ ಓಡಿಹೋಗಿ ತನ್ನವರಿಗೆ ಸುದ್ದಿ ಮುಟ್ಟಿಸುತ್ತಾನೆ. ಏನು ಮಾಡುವುದು? ಒಬ್ಬ ಹುಡುಗ ಅಂದ, ಗಾಬ್ಲಿನ್‌ಗೆ ಕೊಟ್ಟ ಮಾತು ಲೆಕ್ಕಕ್ಕಿಲ್ಲ. ಮರಾಠಿ ಮನೆಯ ಹುಡುಗಿ ಅಂದಳು, ಹಾಗಾದರೆ ಇನ್ನು ಮುಂದೆ ನಮಗೆ ಯಾರೂ ಶರಣಾಗುವುದಿಲ್ಲ. ಧಾರವಾಡದ ಕಡೆಯ ಮನೆಯ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಣ್ಯಕೋಟಿ ಮಾತು ಕೊಟ್ಟದ್ದು ಹುಲಿಗೆ ತಾನೆ, ಅಂದಳು. ಉಳಿದವರಿಗೆ ಪುಣ್ಯಕೋಟಿ ಯಾರು ಎಂದು ಗೊತ್ತಿರಲಿಲ್ಲ. ಆಟ ನಿಲ್ಲಿಸಿ ಹಸುವಿನ ಕಥೆ ಹೇಳಿದಳು. “ಅಂದರೆ ಇಲ್ಲಿ ಹುಲಿ ಯಾರು, ನಾವಾ?” ಎಂದು ಮೊದಲನೆಯ ಹುಡುಗ ಕೇಳಿದ. ಮುಕ್ಕಾಲು ಗಂಟೆ ವಾದ ನಡೆಯಿತು. ನಾನು ಬಾಯಿ ತೆರೆಯಲಿಲ್ಲ. ಕೊನೆಗೆ ಗಾಬ್ಲಿನ್‌ನನ್ನು ಬಿಟ್ಟರು. ಅವನು ಸುದ್ದಿ ಮುಟ್ಟಿಸಿದ. ಮುಂದಿನ ವಾರ ಗುಹೆಯ ಬಾಯಲ್ಲಿ ಹನ್ನೆರಡು ಗಾಬ್ಲಿನ್‌ಗಳು ಕಾದಿದ್ದವು.

ಅವರು ಮಾಡಿದ್ದು ಒಳ್ಳೆಯದು ಎಂದು ಗಾಬ್ಲಿನ್ ಮನ ಕರಗಿಸಿಬಿಡಬಹುದಿತ್ತು. ಹಾಗೆ ಮಾಡಿದ್ದರೆ ಮಾತು ಉಳಿಸಿಕೊಳ್ಳುವುದು ಲಾಭದ ವ್ಯವಹಾರ ಎಂದು ಹೇಳಿದಂತಾಗುತ್ತಿತ್ತು. ಮಾತಿಗೆ ಬೆಲೆ ತೆರಬೇಕಾಗಬಹುದು ಎಂಬುದು ಮಕ್ಕಳಿಗೆ ತಿಳಿಯದ ವಿಷಯವಲ್ಲ. ಆ ಬೆಲೆಯನ್ನು ಕಂಡ ಮೇಲೂ ಯಾರೊಬ್ಬರೂ ಬಿಟ್ಟದ್ದು ತಪ್ಪಾಯಿತು ಅನ್ನಲಿಲ್ಲ.

ಆದರೆ ಆಟದಲ್ಲಿ ಮಾಡಿದ್ದೆಲ್ಲವೂ ಆಟ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಇಬ್ಬರು ದೊಡ್ಡ ಹುಡುಗರು ತಮ್ಮ ಪಾತ್ರಗಳಿಂದ, ಪಕ್ಕದಲ್ಲಿ ಕೂತ ಚಿಕ್ಕ ಹುಡುಗಿಯ ಪಾತ್ರದ ಚಿನ್ನವನ್ನು ಮತ್ತೆ ಮತ್ತೆ ಕದಿಸಿದರೆ ಅದು ಕಥೆಯೊಳಗಿನ ಕಳ್ಳತನವಲ್ಲ. ಮುಖವಾಡ ಹಾಕಿಕೊಂಡ ಕಾಟ ಅದು. ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ನನ್ನ ಅಳತೆ ಸರಳ: ನೋವು ಪಾತ್ರಕ್ಕಾಗುತ್ತಿದೆಯೋ, ಪಾತ್ರಧಾರಿಗೋ? ಜಾನ್ ಸ್ಟಾವ್ರೋಪೊಲೋಸ್ ಎಂಬವರು ರೂಪಿಸಿದ ‘ಎಕ್ಸ್ ಕಾರ್ಡ್’ ಎಂಬ ಉಪಾಯ ಇದಕ್ಕೆ ಚೆನ್ನಾಗಿ ಒದಗುತ್ತದೆ. ಮೇಜಿನ ನಡುವೆ ಒಂದು ಚೀಟಿ ಇರುತ್ತದೆ. ಯಾರಿಗೆ ಕಸಿವಿಸಿಯಾದರೂ ಅದನ್ನು ಮುಟ್ಟಿದರೆ ಸಾಕು, ಆ ಭಾಗ ಬಿಟ್ಟು ಕಥೆ ಮುಂದೆ ಹೋಗುತ್ತದೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕಾರಣ ಹೇಳದೆ ಬೇಡ ಅನ್ನುವ ಹಕ್ಕು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಪರೂಪಕ್ಕೆ ಸಿಗುವಂಥದ್ದು. ಡಬ್ಬಿಯೊಳಗೆ ಆ ಚೀಟಿ ಇರುವುದಿಲ್ಲ, ನೀವೇ ಬರೆದು ಇಡಬೇಕು.

*

ನಾಲ್ಕನೆಯ ಪ್ರಶ್ನೆಯನ್ನೇ ನಾನು ಅತಿ ಮುಖ್ಯ ಅಂದುಕೊಂಡಿರುವುದು: ಈ ಮಗುವಿಗೆ ನೀವು ದಾಳದ ವಿಷಯದಲ್ಲಿ ಸುಳ್ಳು ಹೇಳಬೇಕಾಗುತ್ತದೆಯೇ?

ಆಟ ನಡೆಸುವವರ ಮುಂದೆ ಒಂದು ರಟ್ಟಿನ ಪರದೆ ಇರುತ್ತದೆ. ಅದರ ಹಿಂದೆ ಅವರ ನಕಾಶೆ, ಟಿಪ್ಪಣಿ, ದಾಳ. ಎಂಟು ವರ್ಷದ ಹುಡುಗಿ ಎರಡು ತಿಂಗಳಿಂದ ಕ್ರೇಯಾನ್‌ನಲ್ಲಿ ಬಿಡಿಸಿ ಸಾಕಿದ ಪಾತ್ರದ ಮೇಲೆ ರಾಕ್ಷಸ ಗದೆ ಎತ್ತಿದ್ದಾನೆ ಅನ್ನಿ. ಪರದೆಯ ಹಿಂದೆ ದಾಳ ಉರುಳಿ ಇಪ್ಪತ್ತು ತೋರಿಸುತ್ತದೆ. ಇಪ್ಪತ್ತರಲ್ಲಿ ಒಂದು ಸಲ ಬರುವ ಅಂಕಿ, ಪಾತ್ರದ ಕಥೆ ಅಲ್ಲಿಗೆ ಮುಗಿಯಿತು. ನೀವು ಅವಳ ಮುಖ ನೋಡುತ್ತೀರಿ. “ತಪ್ಪಿಸಿಕೊಂಡೆ!” ಅನ್ನುತ್ತೀರಿ. ಯಾರು ತಾನೇ ಅನ್ನುವುದಿಲ್ಲ?

ಅದರ ಪರವಾದ ವಾದ ಗಟ್ಟಿಯಾದದ್ದೇ. ಆಟ ಇರುವುದು ಖುಷಿಗೆ. ದಾಳ ಪ್ಲಾಸ್ಟಿಕ್ಕು, ಮಗು ಜೀವ. ನಮ್ಮ ಕಥೆಗಳಲ್ಲಿ ಶಕುನಿಯ ದಾಳ ಅವನ ಪರವಾಗಿ ಬೀಳುತ್ತಿತ್ತು, ನಮ್ಮದು ಮಗುವಿನ ಪರವಾಗಿ ಬಿದ್ದರೆ ಯಾರಿಗೆ ನಷ್ಟ?

ನಷ್ಟ ಮಗುವಿಗೇ ಎಂದು ನನಗೆ ಅನ್ನಿಸುತ್ತದೆ. ಇವತ್ತು ಅವಳನ್ನು ಉಳಿಸಿದ ಸುಳ್ಳು ಹಿಂದಿನ ಎರಡು ತಿಂಗಳ ಗೆಲುವುಗಳನ್ನೂ ಸೇರಿಸಿ ಮುಟ್ಟುತ್ತದೆ. ಡ್ರ್ಯಾಗನ್ನಿನ ಬಾಯಿಂದ ತಪ್ಪಿಸಿಕೊಂಡದ್ದು ತಾನೋ, ಅಂಕಲ್ ತಪ್ಪಿಸಿದ್ದೋ? ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಇದನ್ನು ಮೂಸಿ ಕಂಡುಹಿಡಿಯುತ್ತಾರೆ. ಕಂಡುಹಿಡಿದ ಮೇಲೆ ನಮ್ಮ ಮನಸ್ಸು ನೋಯದಿರಲಿ ಎಂದು ನಂಬಿದಂತೆ ನಟಿಸುತ್ತಾರೆ. ಆಗ ಆಟದಲ್ಲಿ ಪರದೆಗಳು ಎರಡಾಗುತ್ತವೆ. ಕೆಂಪಾಗಿರುವ ಪ್ರಾಜೆಕ್ಟನ್ನು ಕ್ಲೈಂಟ್ ಬೇಸರ ಮಾಡಿಕೊಳ್ಳದಿರಲಿ ಎಂದು ಹಸಿರು ಎಂದು ವರದಿ ಮಾಡುವುದನ್ನು ವೃತ್ತಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆಮೇಲೆ ನಿಜವಾಗಿ ಹಸಿರಾದ ದಿನ ಯಾರೂ ನಂಬುವುದಿಲ್ಲ.

ಹಾಗಾದರೆ ಎಂಟು ವರ್ಷದವಳ ಪಾತ್ರ ಸಾಯಲಿ ಅನ್ನೋಣವೇ? ಅದೂ ಬೇಕಿಲ್ಲ. ಕರುಣೆ ತೋರಿಸಲು ನಿಯಮವನ್ನು ಗುಟ್ಟಾಗಿ ಮುರಿಯುವುದಕ್ಕಿಂತ, ಕರುಣೆಯನ್ನು ಬಹಿರಂಗವಾಗಿ ನಿಯಮದೊಳಗೇ ಇಡಬಹುದು. ಈ ಆಟದ ಈಗಿನ ನಿಯಮಗಳಲ್ಲೇ ಅಂಥದ್ದು ಇದೆ. ಪಾತ್ರದ ಶಕ್ತಿ ಸೊನ್ನೆಗೆ ಇಳಿದರೆ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಒಂದು ದಾಳ, ಹತ್ತು ಅಥವಾ ಹೆಚ್ಚು ಬಿದ್ದರೆ ಗೆಲುವು. ಮೂರು ಗೆಲುವು ಮೊದಲಾದರೆ ಪ್ರಾಣ ಉಳಿಯಿತು, ಮೂರು ಸೋಲು ಮೊದಲಾದರೆ ಹೋಯಿತು. ಒಂದೊಂದು ಸಲವೂ ಗೆಲ್ಲುವ ಸಂಭವ ಶೇಕಡ 55. ಅಷ್ಟರೊಳಗೆ ಗೆಳೆಯರು ಓಡಿಬಂದು ಉಳಿಸಿಕೊಳ್ಳಲೂಬಹುದು. ಹಾಗೆಯೇ, ಪರಿಸ್ಥಿತಿ ಅನುಕೂಲವಾಗಿದ್ದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ನಿಯಮವಿದೆ. ಹದಿನೈದು ಬೇಕಾದಲ್ಲಿ ಒಂದೇ ದಾಳಕ್ಕೆ ಶೇಕಡ 30ರಷ್ಟಿದ್ದ ಅವಕಾಶ ಎರಡು ದಾಳಕ್ಕೆ ಶೇಕಡ 51 ಆಗುತ್ತದೆ. “ನೀನು ಮೊದಲೇ ಮರದ ಮೇಲೆ ಹತ್ತಿ ಕೂತಿದ್ದೆಯಲ್ಲ, ಎರಡು ದಾಳ ತಗೋ” ಅಂದರೆ ಸಹಾಯವೂ ಆಯಿತು, ಸುಳ್ಳೂ ಇಲ್ಲ, ಅವಳ ಬುದ್ಧಿಗೆ ಬೆಲೆಯೂ ಸಿಕ್ಕಿತು.

ನಾನು ದಾಳವನ್ನು ಎಲ್ಲರ ಎದುರಿಗೇ ಉರುಳಿಸುತ್ತೇನೆ. ಉರುಳಿಸುವ ಮುಂಚೆ ಏನು ಪಣಕ್ಕಿದೆ ಎಂದು ಹೇಳುತ್ತೇನೆ. “ಇದರಲ್ಲಿ ಸೋತರೆ ನಿನ್ನ ಪಾತ್ರ ಸಾಯುವುದಿಲ್ಲ, ಸೆರೆಯಾಗುತ್ತದೆ. ಸರಿಯಾ?” ಅವಳು ಯೋಚಿಸಿ ಸರಿ ಅನ್ನಬಹುದು, ಹಿಂದೆ ಸರಿಯಬಹುದು. ಯಾವ ಸೋಲನ್ನು ತಾನು ತಾಳಬಲ್ಲೆ ಎಂಬುದನ್ನು ಅವಳೇ ಅಳೆಯುತ್ತಾಳೆ. ಐದು ವರ್ಷದ ಮಗುವಾದರೆ ಈ ಅಳತೆ ಸಾಧ್ಯವಿಲ್ಲ. ಅದಕ್ಕೆ ಸಾವೇ ಇಲ್ಲದ, ಸೋತವರು ಸುಸ್ತಾಗಿ ಮಲಗುವ ಆಟವನ್ನು ಆರಿಸಬೇಕು. ಅಂದರೆ ಈ ನಾಲ್ಕನೆಯ ಪ್ರಶ್ನೆ ತಿರುಗಿ ಮೊದಲ ಪ್ರಶ್ನೆಯನ್ನೇ ಮುಟ್ಟುತ್ತದೆ. ಯಾವ ಡಬ್ಬಿ ಅಂತ ಕೇಳಿದರೆ ನನ್ನ ಉತ್ತರ: ಯಾವ ಆಟದಲ್ಲಿ ಈ ಮಗುವಿನ ಎದುರು ನೀವು ಪ್ರಾಮಾಣಿಕವಾಗಿ ಇರಬಲ್ಲಿರೋ ಆ ಡಬ್ಬಿ.

*

ಭಾಷೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಪತ್ರಿಕೆಯ ಓದುಗರು ಒಪ್ಪಲಿಕ್ಕಿಲ್ಲ. ಡಬ್ಬಿಯೊಳಗಿನ ಪುಸ್ತಕವೆಲ್ಲ ಇಂಗ್ಲಿಷ್. ಆದರೆ ಆಟ ನಡೆಯುವುದು ಪುಸ್ತಕದಲ್ಲಲ್ಲ, ಮಾತಿನಲ್ಲಿ. ಆ ಮಾತು ಯಾವ ಭಾಷೆಯದಾದರೂ ಆಗಬಹುದು. ನಮ್ಮ ಮಕ್ಕಳ ಕನ್ನಡ ಬಾ, ಊಟ ಮಾಡು, ಸ್ನಾನ ಆಯ್ತಾ, ಮಲಗು ಇಷ್ಟರಲ್ಲೇ ಸುತ್ತುತ್ತಿರುತ್ತದೆ. ಅಕ್ಕನ ಮಗನ ಜೊತೆ ಭಾನುವಾರ ಆಡುವಾಗ ನನಗೇ ನುಸುಳು, ಹೊಂಚು ಹಾಕು, ಅಗುಳಿ, ಸುರುಳಿ ಮೆಟ್ಟಿಲು ಎಂಬ ಪದಗಳು ವರ್ಷಗಳ ಮೇಲೆ ಬಾಯಿಗೆ ಬರುತ್ತವೆ. ನನ್ನ ಮಗಳು ಪಕ್ಕದಲ್ಲಿ ಕೂತು ಕೇಳುತ್ತಿರುತ್ತಾಳೆ. ಅಮ್ಮ ಪುಣೆಗೆ ಬಂದಿದ್ದಾಗ ಒಂದು ಸಲ ಸೇತುವೆ ಕಾಯುವವಳ ಪಾತ್ರ ವಹಿಸಿಕೊಂಡು, ಒಗಟು ಬಿಡಿಸದೆ ದಾಟಲು ಬಿಡುವುದಿಲ್ಲ ಎಂದು ಮೊಮ್ಮಕ್ಕಳನ್ನು ಅರ್ಧ ಗಂಟೆ ಅಲ್ಲೇ ನಿಲ್ಲಿಸಿದರು. ಇದನ್ನು ಕನ್ನಡ ಕಲಿಸುವ ವಿಧಾನ ಎಂದು ಹೇಳಲು ನಾನು ಸಿದ್ಧನಿಲ್ಲ. ಹಾಗೆ ಹೇಳಿದ ಕೂಡಲೇ ಮಕ್ಕಳು ಎದ್ದು ಹೋಗುತ್ತಾರೆ, ಹೋಗುವುದು ನ್ಯಾಯವೂ ಹೌದು. ಆಟಕ್ಕೆ ಬೇಕಾಯಿತು, ಪದ ಬಂತು. ಅಷ್ಟೇ.

ಯಾರಿಗಾದರೂ ಈ ಆಟ ಕೊಡಬೇಕು ಎಂದಿದ್ದರೆ ಶಾಪಿಂಗ್ ಸೈಟ್ ತೆರೆಯುವ ಮುಂಚೆ ನಿಮ್ಮ ಕ್ಯಾಲೆಂಡರ್ ತೆರೆಯಿರಿ. ಮುಂದಿನ ನಾಲ್ಕು ಭಾನುವಾರ ಒಂದೂವರೆ ಗಂಟೆ ಸಿಗುತ್ತದೆಯೇ ನೋಡಿ. ಸಿಗುತ್ತದೆ ಅಂದರೆ ಮಗುವಿನ ವಯಸ್ಸಿಗೆ ಹೊಂದುವ ಅತಿ ಚಿಕ್ಕ ಡಬ್ಬಿಯಿಂದ ಶುರು ಮಾಡಿ. ದಪ್ಪ ಪುಸ್ತಕಗಳನ್ನು ಮಗು ತಾನಾಗಿ ಕೇಳುವ ದಿನ ಬಂದರೆ ಆಗ ಕೊಟ್ಟರಾಯಿತು. ಆ ನಾಲ್ಕು ಭಾನುವಾರಗಳನ್ನು ಮೊದಲು ಬ್ಲಾಕ್ ಮಾಡಿ, ಆಮೇಲೆ ಆರ್ಡರ್ ಮಾಡಿ.